ಗುಡ್ಡದ ಮೇಲಿನ ಬಡತನ

ಬಡತನ ಯಾವಾಗ ಸುಂದರವಾಗುತ್ತದೆ? ಪ್ಯಾರಿಸ್ಸಿನ ಉತ್ತರದಲ್ಲಿರುವ ಮೊಂಮಾರ್ತ್ರ ಗುಡ್ಡವನ್ನು ಹತ್ತುವಾಗ ಈ ಪ್ರಶ್ನೆ ನಮ್ಮ ಬೆನ್ನಿಗೆ ಬಿತ್ತು.

ಗುಡ್ಡದ ಎತ್ತರ ಸುಮಾರು 130 ಮೀಟರು. 1860ರಲ್ಲಿ ಪ್ಯಾರಿಸ್ಸಿಗೆ ಸೇರುವವರೆಗೆ ಅದು ಗಾಳಿಗಿರಣಿ, ದ್ರಾಕ್ಷಿ ತೋಟಗಳ ಹಳ್ಳಿ. ಆಮೇಲೂ ಬಾಡಿಗೆ ಅಗ್ಗವಾಗಿತ್ತು. ಹಾಗಾಗಿ ಕೈಯಲ್ಲಿ ಕಾಸಿಲ್ಲದ ಚಿತ್ರಕಾರರೂ ಕವಿಗಳೂ ಅಲ್ಲಿ ಬಂದು ಸೇರಿದರು. ಇಂದು ದುಡ್ಡು ಖರ್ಚು ಮಾಡಿ ನಾವೆಲ್ಲ ನೋಡಲು ಹೋಗುವುದು ಅವರ ಆ ಕಾಸಿಲ್ಲದ ಬದುಕನ್ನು.

‘ಬತೋ ಲವ್ವಾರ್’ ಎಂಬ ಕಟ್ಟಡದ ಮುಂದೆ ನಾವೂ ನಿಂತೆವು. ಬಟ್ಟೆ ಒಗೆಯುವ ದೋಣಿ ಎಂದು ಅದರ ಅರ್ಥ. 1904ರಲ್ಲಿ ಇಪ್ಪತ್ತೆರಡರ ಹರೆಯದ ಪಿಕಾಸೊ ಇಲ್ಲಿ ಕೋಣೆ ಹಿಡಿದ. ಅಷ್ಟೂ ಬಾಡಿಗೆದಾರರಿಗೆ ಇದ್ದದ್ದು ಒಂದೇ ನಲ್ಲಿ. ಚಳಿಗಾಲದಲ್ಲಿ ಕೊರೆಯುವ, ಬೇಸಿಗೆಯಲ್ಲಿ ಬೇಯಿಸುವ ಕೋಣೆಗಳು. 1970ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಈಗಿರುವುದು ಬಹುಪಾಲು ಹೊಸದಾಗಿ ಕಟ್ಟಿದ್ದು. ಬಡತನದ ನಕಲಿಗೂ ಯಾತ್ರಿಕರಿದ್ದಾರೆ!

ಉರ್ದುವಿನಲ್ಲಿ ಫಕೀರಿ ಎಂಬ ಮಾತಿದೆ, ಮುಫ್ಲಿಸಿ ಎಂಬ ಮಾತೂ ಇದೆ. ಫಕೀರಿ ಮನುಷ್ಯ ತಾನಾಗಿ ಆರಿಸಿಕೊಂಡದ್ದು, ಅದಕ್ಕೊಂದು ಘನತೆಯಿದೆ. ಮುಫ್ಲಿಸಿ ಕೇಳದೆಯೇ ಮನೆ ಹೊಕ್ಕದ್ದು. ಗುಡ್ಡದ ಕಲಾವಿದರದ್ದು ಫಕೀರಿ ಎಂದು ನಂಬಿಕೊಳ್ಳುವುದು ನಮಗೆ ಹಿತವಾಗಿದೆ. ಆದರೆ ಇದೇ ಗುಡ್ಡದಲ್ಲಿ ಕೆಲಕಾಲ ಬದುಕಿದ್ದ ಮೊದಿಲ್ಯಾನಿ 1920ರಲ್ಲಿ ಕ್ಷಯಕ್ಕೆ ಬಲಿಯಾದಾಗ ಅವನಿಗೆ ಬರೀ 35 ವರ್ಷ. 2015ರಲ್ಲಿ ಅವನ ಒಂದು ಚಿತ್ರ 17 ಕೋಟಿ ಡಾಲರಿಗೆ ಹರಾಜಾಯಿತು. ಅವನ ಕೆಮ್ಮನ್ನು ಫಕೀರಿ ಎಂದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ.

ಇನ್ನು ಪಿಕಾಸೊನ ವಿಚಾರ. 1901ರಲ್ಲೇ ಪ್ಯಾರಿಸ್ ಪೊಲೀಸರು ಅವನ ಹೆಸರಿನಲ್ಲಿ ಒಂದು ಕಡತ ತೆರೆದಿದ್ದರು. ಅವನು ಶಂಕಿತನೊಬ್ಬನ ಮನೆಯಲ್ಲಿದ್ದ, ಪರದೇಶಿ, ಫ್ರೆಂಚ್ ಸರಿಯಾಗಿ ಬಾರದು. ಆದ್ದರಿಂದ ಅರಾಜಕವಾದಿ ಇರಬೇಕು! 1940ರಲ್ಲಿ, ಲೋಕಪ್ರಸಿದ್ಧನಾದ ಮೇಲೆ, ಅವನು ಫ್ರೆಂಚ್ ಪೌರತ್ವಕ್ಕೆ ಅರ್ಜಿ ಹಾಕಿದಾಗಲೂ ಆ ಹಳೆಯ ಕಡತವೇ ಅಡ್ಡ ಬಂದು ಅರ್ಜಿ ತಿರಸ್ಕೃತವಾಯಿತು. 1985ರಲ್ಲಿ ಅದೇ ದೇಶ ಅದೇ ಊರಿನಲ್ಲಿ ಅವನ ಹೆಸರಿನ ಮ್ಯೂಸಿಯಂ ತೆರೆಯಿತು.

ಕಲೆಯನ್ನು ಸೃಷ್ಟಿಸಿದ್ದಕ್ಕೆ ಗೌರವ ಸಿಕ್ಕಿತು, ಅದರಲ್ಲಿ ತಪ್ಪೇನು ಎಂದು ಕೇಳಬಹುದು. ಸರಿಯೇ. ಆದರೆ 1904ರಲ್ಲಿ ಅವನು ಏನಾಗುತ್ತಾನೆಂದು ಬಲ್ಲವರು ಯಾರು? ‘ಲಪ್ಯಾಂ ಅಜಿಲ್’ ಎಂಬ ಹೋಟೆಲಿನ ಯಜಮಾನ ಫ್ರೆದೆಗೂ ತಿಳಿದಿರಲಿಲ್ಲ. ಆದರೂ ಊಟದ ಬಾಕಿಗೆ ಬದಲಾಗಿ ಒಂದು ಚಿತ್ರ ತೆಗೆದುಕೊಂಡು ಗೋಡೆಗೆ ತೂಗುಹಾಕಿದ. ಮ್ಯೂಸಿಯಂ ಕಟ್ಟಿದವರಿಗಿಂತ ನಮಗೆ ಈ ಹೋಟೆಲಿನವನೇ ದೊಡ್ಡವನಾಗಿ ಕಾಣುತ್ತಾನೆ.

ಈ ಕಲಾವಿದರನ್ನು ಜಗತ್ತು ‘ಬೊಹೀಮಿಯನ್’ ಎನ್ನುತ್ತದೆ. ಅದು ಸಾಲ ತಂದ ಹೆಸರು. ಫ್ರೆಂಚರು ಹಾಗೆ ಕರೆಯುತ್ತಿದ್ದದ್ದು ರೋಮಾ ಅಲೆಮಾರಿಗಳನ್ನು. ಬೊಹೀಮಿಯಾದಿಂದ ಬಂದವರೆಂದು ಭಾವಿಸಿ ಇಟ್ಟ ಹೆಸರದು. ಅವರ ಪೂರ್ವಿಕರು ಸಾವಿರ ವರ್ಷಗಳ ಹಿಂದೆ ಹೊರಟದ್ದು ನಮ್ಮ ಉತ್ತರ ಹಿಂದೂಸ್ತಾನದಿಂದ. ಹೆಸರನ್ನು ಸಾಲ ಪಡೆದವರಿಗೆ ಸ್ಮಾರಕಗಳಾದವು. ಹೆಸರಿನ ಒಡೆಯರ ಬಿಡಾರಗಳನ್ನು 2010ರಲ್ಲಿ ಫ್ರೆಂಚ್ ಸರ್ಕಾರ ಕಿತ್ತುಹಾಕಿ, ನೂರಾರು ಮಂದಿಯನ್ನು ರುಮೇನಿಯ, ಬಲ್ಗೇರಿಯಗಳಿಗೆ ಸಾಗಹಾಕಿತು.

ಗುಡ್ಡದ ಪೂರ್ವಕ್ಕೆ ಇಳಿದರೆ ‘ಗೂತ್ ದೋರ್’ ಕೇರಿ, ಅಂದರೆ ಚಿನ್ನದ ಹನಿ. ಅಲ್ಜೀರಿಯ, ಮಾಲಿ, ಸೆನೆಗಲ್‌ಗಳಿಂದ ಬಂದವರು ಇಲ್ಲಿ ನೆಲೆಸಿದ್ದಾರೆ. ಇವರಿಗೂ ಫ್ರೆಂಚ್ ಬರುವುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಇವರನ್ನೂ ಪೊಲೀಸರು ನಿಲ್ಲಿಸಿ ಕಾಗದಪತ್ರ ಕೇಳುತ್ತಾರೆ. ಮೇಲಿನ ಚೌಕದಲ್ಲಿ ಇನ್ನೂರು ಮುನ್ನೂರು ಜನ ಕತ್ತು ಎತ್ತಿ ಹಳೆಯ ಕಿಟಕಿಗಳನ್ನು ನೋಡುತ್ತಿದ್ದರು. ಇಲ್ಲಿಯ ಕಿಟಕಿಗಳನ್ನು ಯಾರೂ ನೋಡುತ್ತಿರಲಿಲ್ಲ. ಈ ಕೋಣೆಗಳಲ್ಲಿ ಎಷ್ಟು ಜನ, ಎಷ್ಟು ಮನೆಗೆ ಒಂದು ನಲ್ಲಿ ಎಂದು ನಮ್ಮ ಕೈಯಲ್ಲಿದ್ದ ಪ್ರವಾಸಿ ಪುಸ್ತಕದಲ್ಲಿ ಇರಲಿಲ್ಲ. ಜೇಬು ಜೋಪಾನ ಎಂದಷ್ಟೇ ಇತ್ತು.