ಕಾಯಕದ ಲೆಕ್ಕ ಮತ್ತು ‘ನಾನು’ ಎಂಬ ಮಾತು

ಮಾಡಿದ ಕೆಲಸವನ್ನು ಕುರಿತು ಮಾತನಾಡುವುದು ಒಮ್ಮೊಮ್ಮೆ ಕೆಲಸ ಮಾಡುವುದಕ್ಕಿಂತಲೂ ಕಠಿಣವಾದುದು. ಮಾಡುವಾಗ ಕೈ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ. ಹೇಳುವಾಗ ನಾಲಗೆ ಎರಡು ಕಡೆಗೆ ಜಾರುತ್ತದೆ. ಒಂದು ಕಡೆ ಹೆಚ್ಚಿಸಿ ಹೇಳುವ ಆಸೆ. ಇನ್ನೊಂದು ಕಡೆ ಹೊಣೆಯಿಂದ ತಪ್ಪಿಸಿಕೊಳ್ಳುವ ಅಂಜಿಕೆ. ಇವೆರಡರ ನಡುವೆ ನೆಟ್ಟಗೆ ನಿಲ್ಲುವುದು ಹೇಗೆಂಬುದು ಶರಣರು ತಮ್ಮ ಬಾಳಿನಲ್ಲಿ ಎದುರಿಸಿದ ಪ್ರಶ್ನೆ. ಇಂದಿನ ವಿದ್ಯಾವಂತ ತರುಣ ತರುಣಿಯರ ಮುಂದೆಯೂ ಅದೇ ಪ್ರಶ್ನೆ ಹೊಸ ವೇಷದಲ್ಲಿ ಬಂದು ನಿಂತಿದೆ.

ಸಂಕೇಶ್ವರದ ಸುತ್ತಮುತ್ತ ಕಬ್ಬು ಬೆಳೆಯುವ ಮನೆತನಗಳ ಮಕ್ಕಳು ನಿಡಸೋಸಿಯಲ್ಲಿಯೋ ಬೆಳಗಾವಿಯಲ್ಲಿಯೋ ಇಂಜಿನಿಯರಿಂಗ್ ಓದಿ, ಪುಣೆ ಬೆಂಗಳೂರುಗಳಲ್ಲಿ ಉದ್ಯೋಗ ಹಿಡಿಯುತ್ತಾರೆ. ಕೆಲವರು ಕಡಲಾಚೆಗೂ ಹೋಗುತ್ತಾರೆ. ಪದವಿ ದೊರೆತ ಮಾತ್ರಕ್ಕೆ ಅವರ ಪರೀಕ್ಷೆ ಮುಗಿಯುವುದಿಲ್ಲ. ವೃತ್ತಿಯವರೇ ಕೂಡಿ ಕಟ್ಟಿಕೊಂಡ ಸಂಸ್ಥೆಗಳಿವೆ. ಭಾರತದಲ್ಲಿ 1920ರಲ್ಲಿ ಹುಟ್ಟಿ 1935ರಲ್ಲಿ ರಾಜಸನ್ನದು ಪಡೆದ ಇಂಜಿನಿಯರರ ಸಂಸ್ಥೆಯುಂಟು; ಲಂಡನ್ನಿನಲ್ಲಿ 1818ರಲ್ಲಿ ಸ್ಥಾಪಿತವಾದ ಸಿವಿಲ್ ಇಂಜಿನಿಯರರ ಸಂಸ್ಥೆಯುಂಟು. ಈ ಎರಡನೆಯ ಸಂಸ್ಥೆಯಲ್ಲಿ ಪೂರ್ಣ ಸದಸ್ಯರಾಗಬಯಸುವವರು ತಾವು ಮಾಡಿದ ಕೆಲಸಗಳ ವರದಿಯನ್ನು ಮುಂಚಿತವಾಗಿ ಒಪ್ಪಿಸಬೇಕು. ಅವರನ್ನು ಬಲ್ಲ ಸದಸ್ಯರು ಅವರ ಪರವಾಗಿ ಮಾತು ಕೊಡಬೇಕು. ಆ ಮೇಲೆ ಅನುಭವಸ್ಥರಾದ ಇಬ್ಬರು ಪರೀಕ್ಷಕರ ಮುಂದೆ ಕುಳಿತು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಅಲ್ಲಿ ಕೇಳುವುದು ಪುಸ್ತಕದ ಲೆಕ್ಕಗಳನ್ನಲ್ಲ. ಈ ಕೆಲಸದಲ್ಲಿ ನೀವು ಸ್ವತಃ ನಿರ್ಣಯಿಸಿದುದು ಯಾವುದು? ಬೇರೆ ದಾರಿಗಳಿದ್ದರೂ ಇದನ್ನೇ ಆರಿಸಿದುದೇಕೆ? ನಿರ್ಣಯ ತಪ್ಪಿದ್ದರೆ ಯಾರ ಪ್ರಾಣಕ್ಕೆ ಸಂಚಕಾರ ಬರುತ್ತಿತ್ತು? ಪ್ರಶ್ನೆಗಳು ಈ ಬಗೆಯವು.

ಭಕ್ತರ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇಲ್ಲಿ ಒಂದು ಧರ್ಮಸಂಕಟ ಎದುರಾಗುತ್ತದೆ. ‘ನಾನು ಮಾಡಿದೆ’ ಎನ್ನಬಾರದೆಂದು ಹಿರಿಯರು ಕಲಿಸಿದ್ದಾರೆ. ಮಾಡಿದೆನೆಂಬ ಭಾವವೇ ಭಕ್ತಿಗೆ ಹಗೆಯೆಂದು ವಚನಗಳನ್ನು ಓದಿ ತಿಳಿದಿದ್ದಾರೆ. ಆದರೆ ಪರೀಕ್ಷಕರು ‘ನಾವು ಮಾಡಿದೆವು’ ಎಂಬ ಉತ್ತರದಿಂದ ತೃಪ್ತರಾಗರು. ನೀವು ಮಾಡಿದುದೇನೆಂದು ಮತ್ತೆ ಕೇಳುತ್ತಾರೆ. ಹಾಗಾದರೆ ಪರೀಕ್ಷೆಗೆ ಸಿದ್ಧರಾಗುವುದೆಂದರೆ ಅಹಂಕಾರವನ್ನು ಅಭ್ಯಾಸ ಮಾಡುವುದೇ? ವಿನಯವು ಮನೆಯೊಳಗಿನ ಧರ್ಮ, ಜಂಬವು ಪೇಟೆಯ ಧರ್ಮ ಎಂದು ಎರಡನ್ನೂ ಬೇರೆ ಬೇರೆ ಇರಿಸಬೇಕೇ? ನಡೆಯನ್ನೂ ನುಡಿಯನ್ನೂ ಒಂದುಮಾಡಿದ ಶರಣರ ಮಾರ್ಗದಲ್ಲಿ ಇಂತಹ ಇಬ್ಬಗೆಗೆ ಎಡೆಯಿಲ್ಲ. ಆದುದರಿಂದ ಪ್ರಶ್ನೆಯ ಬೇರಿಗೆ ಹೋಗಬೇಕಾಗುತ್ತದೆ.

ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮರ ಪ್ರಸಂಗವು ಇದಕ್ಕೆ ಬಹಳ ಹತ್ತಿರವಾದುದು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದವರು, ಗುಡಿ ಎಬ್ಬಿಸಿದವರು. ಇಂದಿಗೂ ಸೋಲಾಪುರದ ನಡುವೆ ಸಿದ್ಧೇಶ್ವರನ ಗುಡಿಯನ್ನು ಸುತ್ತುವರಿದು ನಿಂತ ಕೆರೆ ಅವರ ಹೆಸರನ್ನು ಹೇಳುತ್ತದೆ. ಕೆಲಸ ಭರದಿಂದ ಸಾಗುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಆ ಕರ್ಮಯೋಗಿಯನ್ನು ಬೇಕೆಂದೇ ಹಗುರವಾದ ಮಾತಿನಿಂದ ಕರೆದರಂತೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ತೂರಿದರು. ಸುದ್ದಿ ಕೇಳಿ ಬಂದ ಸಿದ್ಧರಾಮರ ಕೋಪ ಬೆಂಕಿಯಾಗಿ ಉರಿಯಿತು. ಪ್ರಭುಗಳಿಗೆ ಆ ಬೆಂಕಿ ತಾಗಲಿಲ್ಲ, ತಾಗಿದುದು ಸಿದ್ಧರಾಮರಿಗೇ. ಕೆರೆಯ ಉದ್ದ ಅಗಲಗಳನ್ನು ಪ್ರಭುಗಳು ಕೇಳಲಿಲ್ಲ. ಕೆರೆ ಕಟ್ಟಿದವನ ಒಳಗೆ ಏನು ಕಟ್ಟಿಕೊಂಡಿದೆಯೆಂಬುದನ್ನು ಒರೆಗೆ ಹಚ್ಚಿದರು. ತನ್ನ ಕೋಪದಲ್ಲಿಯೇ ಉತ್ತರವನ್ನು ಕಂಡ ಸಿದ್ಧರಾಮರು ಬಾಗಿದರು, ಕಲ್ಯಾಣಕ್ಕೆ ನಡೆದರು, ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು, ಮುಂದೆ ಶೂನ್ಯಸಿಂಹಾಸನವನ್ನೇರಿದರು. ಕಠಿಣ ಪ್ರಶ್ನೆಯಿಂದ ಅವರು ಚಿಕ್ಕವರಾಗಲಿಲ್ಲ.

ಈ ಕಥೆಯನ್ನಷ್ಟೇ ಹಿಡಿದರೆ, ಮಾಡಿದುದನ್ನು ಹೇಳಿಕೊಳ್ಳದಿರುವುದೇ ಮೇಲೆಂಬ ತೀರ್ಮಾನಕ್ಕೆ ಬರಬಹುದು. ಆದರೆ ಅದರ ಮಗ್ಗುಲಲ್ಲಿಯೇ ಬಸವಣ್ಣನವರ ಇನ್ನೊಂದು ಕಥೆಯನ್ನು ಇರಿಸಿ ನೋಡಬೇಕು. ಎಲ್ಲರಿಗೂ ತಾವೇ ಕಿರಿಯರೆಂದು ನಡೆದುಕೊಂಡ ಆ ಮಹಾನುಭಾವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೆಲವರು ದೂರಿತ್ತಾಗ, ಭಂಡಾರವನ್ನು ತೆರೆದು ಎಣಿಸಲಾಯಿತೆಂದೂ ಒಂದು ಹಣವೂ ಕಡಿಮೆ ಬರಲಿಲ್ಲವೆಂದೂ ಶರಣರ ಚರಿತ್ರೆಗಳು ಹೇಳುತ್ತವೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ‘ನಾನು ಅಲ್ಪನು, ನನ್ನದೇನಿದೆ, ಎಲ್ಲವೂ ಶಿವನದು’ ಎಂದು ಹೇಳಿ ಬಸವಣ್ಣನವರು ಲೆಕ್ಕದಿಂದ ಜಾರಿಕೊಳ್ಳಲಿಲ್ಲ. ಎಲ್ಲವೂ ಶಿವನದಾದುದರಿಂದಲೇ ಲೆಕ್ಕ ಚೊಕ್ಕಟವಾಗಿರಬೇಕೆಂಬುದು ಅವರ ನಡೆಯ ಅರ್ಥ.

ಈ ಎರಡು ಕಥೆಗಳನ್ನು ಕೂಡಿಸಿ ನೋಡಿದಾಗ ‘ನಾನು’ ಎಂಬ ಒಂದೇ ಮಾತಿನಲ್ಲಿ ಎರಡು ಅರ್ಥಗಳಿರುವುದು ತಿಳಿದುಬರುತ್ತದೆ. ಒಡೆತನದ ‘ನಾನು’ ಒಂದು. ಹೊಣೆಯ ‘ನಾನು’ ಇನ್ನೊಂದು. ಮೊದಲನೆಯದು ಕೀರ್ತಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎರಡನೆಯದು ಭಾರವನ್ನು ತನ್ನ ಹೆಗಲಿಗೆ ಏರಿಸಿಕೊಳ್ಳುತ್ತದೆ. ಶರಣರು ಸುಡಬೇಕೆಂದುದು ಮೊದಲನೆಯದನ್ನು. ಎರಡನೆಯದನ್ನೂ ಸುಟ್ಟರೆ ಕಾಯಕಕ್ಕೆ ಒಡೆಯನಿರಲಿ, ಆಳೂ ಉಳಿಯುವುದಿಲ್ಲ. ಹಾಗೆಯೇ ‘ನಾವು’ ಎಂಬ ಮಾತೂ ಯಾವಾಗಲೂ ವಿನಯವಲ್ಲ. ಹತ್ತು ಜನರ ಶ್ರಮವನ್ನು ನೆನೆಯುವಾಗ ಅದು ವಿನಯ. ಹತ್ತು ಜನರ ಹಿಂದೆ ಅಡಗಿಕೊಳ್ಳುವಾಗ ಅದು ಅಸತ್ಯ. ಕಾಲುವೆ ಸೋರಿದಾಗ ‘ನಾವು ಕಟ್ಟಿದೆವು’ ಎಂದೂ, ನೀರು ಹರಿದಾಗ ‘ನಾನು ಕಟ್ಟಿದೆ’ ಎಂದೂ ಹೇಳುವವನು ಎರಡು ಮಾತುಗಳನ್ನೂ ಕೆಡಿಸಿದಂತಾಯಿತು.

ಆದುದರಿಂದ ಪರೀಕ್ಷೆಯ ಸಿದ್ಧತೆಯೆಂದರೆ ಉತ್ತರಗಳನ್ನು ಬಾಯಿಪಾಠ ಮಾಡುವುದಲ್ಲ. ಅಭ್ಯರ್ಥಿಯು ತನ್ನ ಕೆಲಸಗಳನ್ನು ಒಂದೊಂದಾಗಿ ಎದುರಿಗೆ ಇಟ್ಟುಕೊಂಡು ಬೇರ್ಪಡಿಸಿ ನೋಡಬೇಕು: ತಾನಾಗಿ ನಿರ್ಣಯಿಸಿದುದು ಇಷ್ಟು, ಮೇಲಿನವರು ಹೇಳಿದಂತೆ ಮಾಡಿದುದು ಇಷ್ಟು, ಬರಿಯ ಕಣ್ಣಿನಿಂದ ಕಂಡುದು ಇಷ್ಟು. ಮೊದಲನೆಯ ರಾಶಿ ಚಿಕ್ಕದಾಗಿದ್ದರೆ ನಾಚಬೇಕಾಗಿಲ್ಲ. ಮೂರನೆಯದನ್ನು ಮೊದಲನೆಯದಕ್ಕೆ ಸೇರಿಸಿದರೆ ಮಾತ್ರ ನಾಚಬೇಕು. ತಪ್ಪಿದ ಕಡೆ ತಪ್ಪಿದುದನ್ನೂ ಅದರಿಂದ ಕಲಿತುದನ್ನೂ ಬರೆದಿಡಬೇಕು. ತಿಳಿಯದ ವಿಷಯದಲ್ಲಿ ತಿಳಿಯದೆಂದು ಹೇಳುವುದನ್ನು ಅಭ್ಯಾಸ ಮಾಡಬೇಕು. ಆ ಮಾತು ಸಹಜವಾಗಿ ಬರುವುದಿಲ್ಲ. ಇನ್ನು ಪ್ರತಿಯೊಂದು ವಾಕ್ಯಕ್ಕೂ ಒಂದು ಒರೆಗಲ್ಲು ಉಂಟು. ಆ ಕೆಲಸದಲ್ಲಿ ಜೊತೆಗಿದ್ದ ಗೌಂಡಿ, ಅಳತೆಯ ಸರಪಳಿ ಹಿಡಿದವನು, ಲೆಕ್ಕವನ್ನು ತಿದ್ದಿಕೊಟ್ಟ ಹಿರಿಯ ಸಹೋದ್ಯೋಗಿ ಇವರೆಲ್ಲರೂ ಅದೇ ಕೋಣೆಯಲ್ಲಿ ಕುಳಿತಿದ್ದರೆ, ಈ ವಾಕ್ಯವನ್ನು ಹೀಗೆಯೇ ಆಡಬಹುದೇ? ಆಡಬಹುದಾದರೆ ಅದು ಸತ್ಯ. ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ದಿನವೂ ಕುಳಿತುಕೊಳ್ಳುವವರಿಗೆ ಸಾಕ್ಷಿಯ ಮುಂದೆ ಕುಳಿತುಕೊಳ್ಳುವುದು ಹೊಸದಲ್ಲ.

ಇಷ್ಟೊಂದು ಬಿಗಿ ಏತಕ್ಕೆ, ಇದೊಂದು ಸದಸ್ಯತ್ವದ ಪತ್ರವಷ್ಟೇ ಅಲ್ಲವೇ ಎಂದು ಕೇಳುವವರುಂಟು. ಹುಕ್ಕೇರಿ ಗೋಕಾಕ ಸೀಮೆಯ ಒಕ್ಕಲಿಗನಿಗೆ ಇದರ ಉತ್ತರ ಗೊತ್ತು. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟಿನ ನೀರನ್ನು ನಂಬಿ ಮೂಡಲಗಿಯವರೆಗೂ ಅದರಾಚೆಗೂ ಹೊಲಗಳಿವೆ. 2019ರ ಆಗಸ್ಟಿನಲ್ಲಿ ಹಿರಣ್ಯಕೇಶಿ, ಘಟಪ್ರಭೆಗಳು ಉಕ್ಕಿ ಬಂದು ಗೋಕಾಕದ ಮನೆಗಳೊಳಗೆ ನೀರು ನುಗ್ಗಿದ ದಿನಗಳನ್ನು ಯಾರೂ ಮರೆತಿಲ್ಲ. ಎಷ್ಟು ನೀರು ಬರುತ್ತದೆ, ಎಷ್ಟನ್ನು ಬಿಡಬೇಕು, ಸೇತುವೆಯ ಎತ್ತರ ಎಷ್ಟಿರಬೇಕು ಎಂಬುದನ್ನು ಯಾರೋ ಒಬ್ಬರು ಕಾಗದದ ಮೇಲೆ ಬರೆದು ಸಹಿ ಮಾಡುತ್ತಾರೆ. ಆ ಸಹಿ ಮಾಡುವವರ ಮುಖವನ್ನು ನದಿಯ ದಂಡೆಯ ಮುದುಕಿಯು ಎಂದೂ ಕಾಣಳು. ಆದರೂ ಅವರ ಮಾತನ್ನು ನಂಬಿ ರಾತ್ರಿ ಮಲಗುತ್ತಾಳೆ. ಸದಸ್ಯತ್ವವೆಂಬುದು ಹೆಸರಿನ ಮುಂದಿನ ಆಭರಣವಲ್ಲ. ಹಾಗೆ ನಂಬಿ ಮಲಗಿದವರಿಗೆ ಕೊಟ್ಟ ವಚನ. ತಾನು ಮಾಡದ ಲೆಕ್ಕವನ್ನು ಮಾಡಿದೆನೆಂದು ಹೇಳಿ ಆ ಪತ್ರವನ್ನು ಪಡೆದವನು, ಪರೀಕ್ಷಕರನ್ನಲ್ಲ, ಆ ಮುದುಕಿಯನ್ನು ವಂಚಿಸಿದನು.

ಸತ್ಯ ಹೇಳಿದವನು ಸೋತರೆ ಏನು ಗತಿ? ಸೋಲಬಹುದು. ಬಾಯಿಪಾಠ ಮಾಡಿದವನು ಗೆಲ್ಲಲೂಬಹುದು. ಲೋಕವು ಪ್ರತಿ ಸಲವೂ ಸರಿಯಾಗಿ ತೂಗುತ್ತದೆಂದು ಶರಣರು ಭರವಸೆ ಕೊಟ್ಟಿಲ್ಲ. ಸ್ವತಃ ಅವರ ಕಲ್ಯಾಣವೇ ಅದಕ್ಕೆ ನಿದರ್ಶನ. ಆದರೆ ಸೋತವನಿಗೆ ತನ್ನ ಕೊರತೆ ಎಲ್ಲಿದೆಯೆಂಬುದು ತಿಳಿಯುತ್ತದೆ; ಅದನ್ನು ತುಂಬಿಕೊಂಡು ಮತ್ತೆ ಹೋಗಬಹುದು. ಸುಳ್ಳಿನಿಂದ ಗೆದ್ದವನಿಗೆ ಕೊರತೆ ಹಾಗೆಯೇ ಉಳಿದು, ಮುಂದೆ ಯಾವುದೋ ಒಂದು ಗೋಡೆಯಲ್ಲಿ ಬಿರುಕಾಗಿ ಕಾಣಿಸಿಕೊಳ್ಳುತ್ತದೆ. ಈ ಮಾತು ಕೇಳುವವರಿಗೂ ಸಲ್ಲುತ್ತದೆ. ಅಲ್ಲಮಪ್ರಭುಗಳು ಸಿದ್ಧರಾಮರನ್ನು ಕೆಣಕಿದುದು ಅವರನ್ನು ಮೇಲೆತ್ತುವುದಕ್ಕಾಗಿ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಕಠಿಣವಾಗಿ ಪ್ರಶ್ನಿಸಿದುದು ಆಕೆಯ ನಿಲವು ಎಲ್ಲರಿಗೂ ತಿಳಿಯಲೆಂದು. ಕೇಳುವವರಲ್ಲಿ ಈ ಕರುಣೆ ಇಲ್ಲದಿದ್ದರೆ ಪರೀಕ್ಷೆಯು ಬರಿಯ ಹೀಯಾಳಿಕೆಯಾಗುತ್ತದೆ.

ತಂದೆತಾಯಿಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಪರೀಕ್ಷೆ ಮುಗಿಸಿ ಬಂದ ಮಗನನ್ನೋ ಮಗಳನ್ನೋ ‘ಆಯಿತೇ?’ ಎಂದು ಕೇಳುವ ಮೊದಲು ‘ಇದ್ದುದನ್ನು ಇದ್ದಂತೆ ಹೇಳಿದೆಯಾ?’ ಎಂದು ಕೇಳುವುದು ಲೇಸು. ಆ ಪ್ರಶ್ನೆಗೆ ಹೌದೆಂಬ ಉತ್ತರ ಬಂದ ಮನೆಯಲ್ಲಿ, ಫಲ ಯಾವುದೇ ಬರಲಿ, ಕಾಯಕದ ಲೆಕ್ಕ ಚೊಕ್ಕಟವಾಗಿದೆಯೆಂದು ತಿಳಿಯಬೇಕು.