ಎಲ್ಲರ ಕಾಡು, ಯಾರ ಹಕ್ಕಿ?

ಎಲ್ಲರಿಗೂ ಸೇರಿದ ವಸ್ತುವಿನಲ್ಲಿ ನಮ್ಮ ಪಾಲು ಯಾವ ಗಳಿಗೆಯಿಂದ ನಮ್ಮದಾಗುತ್ತದೆ? ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಒಂದು, ಮನಸ್ಸಾಕ್ಷಿ ಕೊಡುವ ಉತ್ತರ ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಅಳೆಯಲು ಅಮೆರಿಕದ ಟರ್ಕಿ ಕೋಳಿಯ ಬೇಟೆ ಒಳ್ಳೆಯ ಉದಾಹರಣೆ. ಬೇಟೆಯೆಂದೊಡನೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಮ್ಮ ದೇಶದಲ್ಲಿ ಅದು ಬಹುಮಟ್ಟಿಗೆ ನಿಷಿದ್ಧ. ಕೊಲ್ಲುವುದು ಸರಿಯೇ ಎಂಬ ದೊಡ್ಡ ಪ್ರಶ್ನೆ ಹಾಗೆಯೇ ಇರಲಿ. ಕೋವಿ ಹಿಡಿದ ಅಪರಿಚಿತರು ಒಂದೇ ಕಾಡನ್ನು ಹೇಗೆ ಹಂಚಿಕೊಳ್ಳುತ್ತಾರೆಂಬುದು ಬೇಟೆಯಾಡದವರೂ ಯೋಚಿಸಬೇಕಾದ ವಿಷಯ.

ಅಲ್ಲಿಯ ರಾಷ್ಟ್ರೀಯ ಅರಣ್ಯಗಳು ಸಾರ್ವಜನಿಕರ ಸೊತ್ತು. ಪರವಾನಗಿಯುಳ್ಳ ಯಾರೂ ಹಂಗಾಮಿನಲ್ಲಿ ಅಲ್ಲಿಗೆ ಬೇಟೆಗೆ ಹೋಗಬಹುದು. ವಸಂತದಲ್ಲಿ ಗಂಡು ಟರ್ಕಿ ನಸುಕಿನಲ್ಲೇ ಮರದ ಮೇಲಿನಿಂದ ಕೂಗುತ್ತದೆ. ಬೇಟೆಗಾರ ಎಲೆಬಣ್ಣದ ಉಡುಪು ತೊಟ್ಟು, ಮುಖಕ್ಕೂ ಮುಸುಕು ಹಾಕಿ, ಮರಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಕುಳಿತು, ಹೆಣ್ಣಿನ ದನಿಯನ್ನು ಅನುಕರಿಸಿ ಅದನ್ನು ಕರೆಯುತ್ತಾನೆ. ಒಬ್ಬ ಹೀಗೆ ಗಂಟೆಗಟ್ಟಲೆ ಕರೆದು ಹಕ್ಕಿಯನ್ನು ಹತ್ತಿರ ತಂದಿದ್ದಾನೆ. ಅಷ್ಟರಲ್ಲಿ ಇನ್ನೊಬ್ಬ ನಡುವೆ ನುಸುಳಿ ಅದನ್ನು ಹೊಡೆದನೆನ್ನೋಣ. ಹಕ್ಕಿ ಯಾರದು?

1805ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಇಂಥದೇ ವ್ಯಾಜ್ಯ ಬಂದಿತ್ತು. ಪೋಸ್ಟ್ ಎಂಬವನು ನಾಯಿಗಳೊಡನೆ ಬೀಳುಭೂಮಿಯಲ್ಲಿ ಅಟ್ಟಿಸಿಕೊಂಡು ಬಂದ ನರಿಯನ್ನು ಪಿಯರ್ಸನ್ ಎಂಬವನು ಕಣ್ಣೆದುರೇ ಕೊಂದು ಒಯ್ದ. ಬೆನ್ನಟ್ಟಿದ ಮಾತ್ರಕ್ಕೆ ಸ್ವಾಮ್ಯ ಬಾರದು, ಪ್ರಾಣಿ ಕೈವಶವಾಗಿರಬೇಕು ಎಂದು ಬಹುಮತದ ತೀರ್ಪಾಯಿತು. ನ್ಯಾಯಮೂರ್ತಿ ಲಿವಿಂಗ್‌ಸ್ಟನ್ ಮಾತ್ರ ಒಪ್ಪಲಿಲ್ಲ. ಇಂಥ ಜಗಳವನ್ನು ಬೇಟೆಗಾರರ ಪಂಚಾಯಿತಿಗೇ ಬಿಡಬೇಕಿತ್ತು ಎಂಬುದು ಅವರ ಅಭಿಪ್ರಾಯ.

ಬಹುಮತದ ತೀರ್ಪಿಗೆ ಕಾರಣವಿತ್ತು: ನಿಯಮ ಸ್ಪಷ್ಟವಾಗಿದ್ದರೆ ವ್ಯಾಜ್ಯ ಕಡಿಮೆ. ಆದರೆ ವ್ಯಾಜ್ಯ ತಪ್ಪಿಸುವ ನಿಯಮವೇ ಸಜ್ಜನಿಕೆಯ ಅಳತೆಗೋಲಾಗಲಾರದು. ಇನ್ನೊಬ್ಬನ ತಾಳ್ಮೆಯ ಫಲವನ್ನು ಕಸಿದವನು ಕಾನೂನಿಗೆ ತಪ್ಪಿತಸ್ಥನಲ್ಲದಿದ್ದರೂ ತನ್ನೆದುರು ತಾನು ತಲೆಯೆತ್ತಲಾರ. ಹಾಗೆಂದು ಮೊದಲು ಬಂದವನಿಗೇ ಎಲ್ಲ ಹಕ್ಕೂ ಇದೆಯೆನ್ನಲಾದೀತೆ? ವಾರವೆಲ್ಲ ಬಿಡುವಿರುವವನು ದಿನವೂ ಮುಂಚಿತವಾಗಿ ಬಂದಾನು. ವಾರಕ್ಕೊಂದೇ ರಜೆಯುಳ್ಳ ದುಡಿಮೆಗಾರ ಎಲ್ಲಿಗೆ ಹೋಗಬೇಕು? ಆದ್ದರಿಂದ ಮೊದಲು ಬಂದವನಿಗೆ ಸಲ್ಲುವುದು ಮರ್ಯಾದೆಯೇ ಹೊರತು ಒಡೆತನವಲ್ಲ. ಅವನು ಕುಳಿತಿರುವಷ್ಟು ಹೊತ್ತು, ಅವನ ಸುತ್ತಿನಷ್ಟು ಜಾಗಕ್ಕೆ ಅದು ಸಲ್ಲಬೇಕು; ಇಡೀ ಕಾಡಿಗಲ್ಲ.

ಈ ಬೇಟೆಯಲ್ಲಿ ಪ್ರಾಣಾಪಾಯವೂ ಉಂಟು. ಕೇಳಿಬಂದ ಹೆಣ್ಣುಹಕ್ಕಿಯ ದನಿ ಮನುಷ್ಯನದೂ ಆಗಿರಬಹುದು. ಅದಕ್ಕೇ ದನಿಯತ್ತ ತೆವಳಿ ಹೋಗಬಾರದು, ಗಂಡು ಟರ್ಕಿಯ ತಲೆಯ ಬಣ್ಣಗಳಾದ ಕೆಂಪು, ಬಿಳಿ, ನೀಲಿಗಳನ್ನು ತೊಡಬಾರದು ಎಂದು ಕಲಿಸುತ್ತಾರೆ. ಇನ್ನೊಬ್ಬ ಬೇಟೆಗಾರ ಹತ್ತಿರ ಬಂದರೆ ಕೈಬೀಸದೆ, ಹಕ್ಕಿಯ ದನಿ ಮಾಡದೆ, ಮನುಷ್ಯರ ಮಾತಿನಲ್ಲಿ ಗಟ್ಟಿಯಾಗಿ ಕೂಗಿ ಹೇಳಬೇಕು. ಹಕ್ಕಿ ಹಾರಿಹೋಗುತ್ತದೆ, ಬೆಳಗಿನ ಶ್ರಮ ವ್ಯರ್ಥವಾಗುತ್ತದೆ. ಆದರೆ ಒಂದು ಜೀವ ಉಳಿಯುತ್ತದೆ. ತನ್ನ ಲಾಭವನ್ನು ಬಿಟ್ಟುಕೊಟ್ಟು ‘ನಾನಿಲ್ಲಿದ್ದೇನೆ’ ಎಂದು ಹೇಳುವ ಈ ರೂಢಿಯಲ್ಲಿ ನಮಗೆ ನೀತಿಯ ತಿರುಳೇ ಕಾಣುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮಿತಿಮೀರಿದ ಬೇಟೆಯಿಂದಲೂ ಕಾಡಿನ ನಾಶದಿಂದಲೂ ಈ ಹಕ್ಕಿ ಅನೇಕ ಸಂಸ್ಥಾನಗಳಿಂದ ಕಣ್ಮರೆಯಾಗಿತ್ತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಕೋವಿ-ಮದ್ದುಗುಂಡುಗಳ ಮೇಲಿನ ಸುಂಕವನ್ನು ವನ್ಯಜೀವಿಗಳಿಗಾಗಿ ಮೀಸಲಿಟ್ಟಿತು. ಉಳಿದಿದ್ದ ಕಾಡುಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಬೇರೆಡೆ ಬಿಟ್ಟರು. ಸಂತತಿ ಮತ್ತೆ ಬೆಳೆಯಿತು. ಇಂದಿನ ಬೇಟೆಗಾರ ಹೊಡೆಯುವ ಹಕ್ಕಿಯಲ್ಲಿ ಹಿಂದಿನವರ ಸಂಯಮದ ಪಾಲಿದೆ, ನಾಳೆ ಬರುವವರ ಪಾಲೂ ಇದೆ.

ನಮ್ಮ ಮಹಾನಗರಗಳೂ ಇಂಥ ಹಂಚಿಕೆಯ ಕಾಡುಗಳೇ. ಮುಂಬಯಿಯ ಲೋಕಲ್ ಗಾಡಿಯಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಕೊಡಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ; ಆದರೂ ಕುಳಿತವರು ತುಸು ಸರಿಯುತ್ತಾರೆ. ಪರವೂರಿಗೆ ಬಂದು ನೆಲೆಸಿದ ನಮಗೂ ಯಾರೋ ಹೀಗೆ ಸರಿದು ಕೊಟ್ಟ ಜಾಗವೇ ಆಸರೆಯಾಯಿತು. ಮುಂದೆ ಬರುವವರಿಗೆ ನಾವೂ ಅಷ್ಟು ಸರಿಯುವುದು ನ್ಯಾಯ.