ಟವೆಲ್ ಹಾಕಿದ ಸೀಟು

ಇಂಜಿನಿಯರಿಂಗ್ ಕಾಲೇಜುಗಳ ಪಟ್ಟಿ ಮಾಡುವುದು ಬರೀ ಲೆಕ್ಕಾಚಾರದ ಕೆಲಸ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ರ‍್ಯಾಂಕು, ಕಟ್‌ಆಫ್, ಫೀಸು, ಪ್ಲೇಸ್‌ಮೆಂಟು ಅಂತ ನಾಲ್ಕು ಕಾಲಂ ಹಾಕಿ ಎಕ್ಸೆಲ್‌ನಲ್ಲಿ ಸಾರ್ಟ್ ಮಾಡಿದರೆ ಮುಗಿಯಿತು. ಲಿಂಗಂಪಲ್ಲಿ, ನಲ್ಲಗಂಡ್ಲ, ಚಂದಾನಗರದ ಕನ್ನಡದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಇಂಥ ಶೀಟುಗಳದ್ದೇ ಮಾತು. ಆದರೆ ಹೊರನಾಡಿನಲ್ಲಿರುವವರ ಶೀಟಿಗೆ ಐದನೆಯ ಕಾಲಂ ಒಂದಿದೆ: ನಾವು ಎಲ್ಲಿಯವರು? ಮಿಕ್ಕ ನಾಲ್ಕಕ್ಕೆ ಒಂದೊಂದೇ ಉತ್ತರ. ಇದಕ್ಕೆ ಮಾತ್ರ ಕಾನೂನು ಒಂದಕ್ಕಿಂತ ಹೆಚ್ಚು ಉತ್ತರ ಕೊಡುತ್ತದೆ. ಎರಡು ಉತ್ತರವೂ ಕಾನೂನುಬದ್ಧವಾಗಿದ್ದಾಗ ಯಾವುದನ್ನು ಬರೆಯಬೇಕು ಎಂಬುದು ಲೆಕ್ಕದ ಪ್ರಶ್ನೆಯಲ್ಲ.

ನಮ್ಮದೇ ಮನೆಯ ಉದಾಹರಣೆ ಕೊಡುತ್ತೇನೆ. ಮಗಳು ಈಗ ಹತ್ತನೇ ತರಗತಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂಬ ಪದ್ಧತಿಯಂತೆ ಅವಳು ಹುಟ್ಟಿದ್ದು ಬೀದರಿನಲ್ಲಿ. ಮೂರನೇ ತಿಂಗಳಿಗೆ ಇಲ್ಲಿಗೆ ಬಂದಳು. ಎಲ್‌ಕೆಜಿಯಿಂದ ಇಲ್ಲೇ ಓದಿದ್ದಾಳೆ.

ತೆಲಂಗಾಣದಲ್ಲಿ ಅವಳು ಸ್ಥಳೀಯಳು. 1973ರ 32ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಡಿ ವಿಧಿ ಸೇರಿತು, 1974ರಲ್ಲಿ ರಾಷ್ಟ್ರಪತಿಗಳ ಆದೇಶ ಬಂತು. ಅದರಂತೆ ಶೇ 85 ಸೀಟು ಸ್ಥಳೀಯರಿಗೆ. ಅರ್ಹತಾ ಪರೀಕ್ಷೆಯ ವರ್ಷವೂ ಸೇರಿ ಕೊನೆಯ ಸತತ 4 ವರ್ಷ ಇಲ್ಲಿ ಓದಿದವರು ಸ್ಥಳೀಯರು. ಮನೆಮಾತು ಯಾವುದು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ದಾರಿಯೂ ಇದೆ. 2012ರ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಬೀದರ್, ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಿಗೆ ಸಂಬಂಧಿಸಿದ್ದು. ಆ ಪ್ರದೇಶದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಆ ಭಾಗದವರಿಗೆ. ಯಾರು ಆ ಭಾಗದವರು? ಹುಟ್ಟಿನಿಂದಾಗಲಿ ವಾಸದಿಂದಾಗಲಿ ಅಲ್ಲಿಗೆ ಸೇರಿದವರು ಎನ್ನುತ್ತದೆ ವಿಧಿ. ಇನ್ನು ಸಿಇಟಿಗೆ ಕೂರಲು, ಸಾಮಾನ್ಯವಾಗಿ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಆದರೆ ತಂದೆ ಅಥವಾ ತಾಯಿ ಅಲ್ಲಿ 7 ವರ್ಷ ಓದಿದ್ದು, ಮಗು ಎರಡೂ ವರ್ಷದ ಪಿಯುಸಿ ಅಲ್ಲೇ ಮುಗಿಸಿದರೂ ಆಯಿತು. ಅಂದರೆ ಮಗಳನ್ನು ಎರಡು ವರ್ಷ ಅಜ್ಜಿಯ ಮನೆಗೆ ಕಳಿಸಿದರೆ ಬೆಂಗಳೂರಿನ ಒಳ್ಳೆಯ ಕಾಲೇಜಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ತಂದರೆ ಸಾಕು ಎಂದು ಊರಿನವರು ಫೋನ್ ಮಾಡಿ ನೆನಪಿಸುತ್ತಿದ್ದಾರೆ. ಸುಳ್ಳು ದಾಖಲೆ ಏನೂ ಬೇಕಿಲ್ಲ. ಅವಳು ಹುಟ್ಟಿದ್ದು ನಿಜವಾಗಿಯೂ ಬೀದರಿನಲ್ಲೇ.

ಈ ಎರಡು ವಿಧಿಗಳ ಬೇರು ಹೆಚ್ಚುಕಡಿಮೆ ಒಂದೇ ಕಡೆ ಇದೆ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ತೆಲಂಗಾಣವೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಿಜಾಮರ ನಾಡಿನ ಮಕ್ಕಳು, ಮೊದಲೇ ಶಾಲೆ ಕಾಲೇಜು ಕಂಡ ಕರಾವಳಿ ಆಂಧ್ರ, ಹಳೇ ಮೈಸೂರಿನ ಮಕ್ಕಳ ಜೊತೆ ಸ್ಪರ್ಧಿಸಲಾರರು ಎಂಬ ಕೂಗು ಎರಡೂ ಕಡೆ ಎದ್ದಿತು. ತೆಲಂಗಾಣದಲ್ಲಿ 1969ರ ಚಳವಳಿಯೇ ನಡೆಯಿತು. ನಮ್ಮ ಭಾಗಕ್ಕೆ ಅಂಥದ್ದೊಂದು ವಿಧಿ ಸಿಗಲು ಇನ್ನೂ ನಾಲ್ಕು ದಶಕ ಕಾಯಬೇಕಾಯಿತು. ಹೀಗಾಗಿ ಸೀಟಿನ ಜೊತೆ ಒಂದು ಕಾರಣವೂ ಬರುತ್ತದೆ. ಸೌಲಭ್ಯ ಇಲ್ಲದ ಕಡೆ ಬೆಳೆದ ಮಗುವಿಗೆ ಆದ ಕೊರತೆಯನ್ನು ತುಂಬಿಕೊಡುವುದೇ ಆ ಕಾರಣ. ಔರಾದಿನ ಹಳ್ಳಿಯಲ್ಲಿ ಓದಿದ ಹುಡುಗಿಗೂ, ಸುತ್ತ ನಾಲ್ಕೈದು ಕಿಲೋಮೀಟರಿನಲ್ಲಿ ಹತ್ತಾರು ಕೋಚಿಂಗ್ ಸೆಂಟರು ಇರುವ ಲಿಂಗಂಪಲ್ಲಿಯಲ್ಲಿ ಬೆಳೆದ ನನ್ನ ಮಗಳಿಗೂ ಆ ಕೊರತೆ ಒಂದೇ ಅಲ್ಲ. ಪ್ರಮಾಣಪತ್ರದಲ್ಲಿ ಮಾತ್ರ ಇಬ್ಬರೂ ಒಂದೇ.

ನಮ್ಮ ಕಡೆ ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ. ಟವೆಲ್ಲಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಆದರೆ ಆ ಪದ್ಧತಿಗೂ ಒಂದು ನೀತಿಯಿದೆ: ಹಾಕಿದವನು ಬಂದು ಕೂರಬೇಕು, ಒಬ್ಬನಿಗೆ ಒಂದೇ ಟವೆಲ್. ಎರಡು ಬಸ್ಸಿನಲ್ಲಿ ಟವೆಲ್ ಹಾಕಿ ಯಾವುದು ಮೊದಲು ಹೊರಡುತ್ತದೋ ನೋಡೋಣ ಎನ್ನುವವನನ್ನು ಯಾರೂ ಜಾಣ ಎನ್ನುವುದಿಲ್ಲ.

ಕಾಲೇಜು ಪಟ್ಟಿಯಲ್ಲಿ ಯಾವುದು ಇಂಥ ಟವೆಲ್ಲು? ಒಂದೇ ಕೌನ್ಸೆಲಿಂಗಿನಲ್ಲಿ ನೂರು ಆಯ್ಕೆ ಬರೆಯುವುದಂತೂ ಅಲ್ಲ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಕಾಲೇಜು ಪ್ರವೇಶದ ಮೇಲೆ ಒಂದು ಪ್ರಬಂಧ ಬರೆದರು. ಐಐಟಿ, ಎನ್‌ಐಟಿಗಳಿಗೆ ಸೀಟು ಹಂಚುವ ಜೋಸಾದ ವಿಧಾನಕ್ಕೆ ಅದರದ್ದೇ ಅಡಿಪಾಯ. ನೂರು ಬರೆದರೂ ಒಬ್ಬರಿಗೆ ಸಿಗುವುದು ಒಂದೇ ಸೀಟು, ಉಳಿದ ತೊಂಬತ್ತೊಂಬತ್ತರಿಂದ ಯಾರಿಗೂ ನಷ್ಟವಿಲ್ಲ. ತೊಂದರೆ ಬರುವುದು ಕೌನ್ಸೆಲಿಂಗುಗಳ ನಡುವೆ. ಜೋಸಾದಲ್ಲಿ ಒಂದು, ತೆಲಂಗಾಣದ ಎಪ್‌ಸೆಟ್‌ನಲ್ಲಿ ಒಂದು, ಕೆಇಎಯಲ್ಲಿ ಒಂದು, ಖಾಸಗಿ ವಿಶ್ವವಿದ್ಯಾಲಯದಲ್ಲಿ ಒಂದು ಸೀಟು ಹಿಡಿದು ಕೊನೆಯ ಸುತ್ತು ಮುಗಿದ ಮೇಲೆ ಮೂರನ್ನು ಬಿಟ್ಟರೆ, ಅವು ಖಾಲಿಯಾದ ಸುದ್ದಿ ಕಾಯುತ್ತಿದ್ದವರಿಗೆ ತಲುಪುವಷ್ಟರಲ್ಲಿ ಅವರು ಇನ್ನೆಲ್ಲೋ ದುಬಾರಿ ಫೀಸು ಕಟ್ಟಿ ಸೇರಿರುತ್ತಾರೆ. ಅರ್ಜಿ ಎಷ್ಟಾದರೂ ಹಾಕಬಹುದು. ಕೂರುವುದಿಲ್ಲ ಎಂದು ಖಚಿತವಾದ ದಿನವೇ ಟವೆಲ್ ತೆಗೆಯಬೇಕು. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ.

371ಜೆ ಪ್ರಶ್ನೆ ಅಷ್ಟು ಸುಲಭವಲ್ಲ. ಅಲ್ಲಿ ಮಗಳು ಬಂದು ಕೂರುತ್ತಾಳೆ, ಓದುತ್ತಾಳೆ. ಗೆಳೆಯನೊಬ್ಬ ಹೇಳಿದ: ‘ನೀನು ಬೇಕಾದರೆ ನಿನ್ನ ಇನ್‌ಕ್ರಿಮೆಂಟು ಬಿಟ್ಟುಕೊಡು. ಮಗಳ ಸೀಟು ಬಿಟ್ಟುಕೊಟ್ಟು ನೀನು ಧರ್ಮರಾಯ ಆಗಬೇಡ.’ ಮಾತು ಒರಟಾದರೂ ನ್ಯಾಯ ಅವನ ಕಡೆ ಅರ್ಧ ಇದೆ. ನನ್ನ ಪಾಲನ್ನು ನಾನು ಬಿಡಬಹುದು. ಇನ್ನೊಬ್ಬರ ಪಾಲನ್ನು ಬಿಟ್ಟು ಅದನ್ನು ತ್ಯಾಗ ಎಂದು ಕರೆಯಲಾಗದು, ಆ ಇನ್ನೊಬ್ಬರು ಮಗಳೇ ಆದರೂ.

ಅದಕ್ಕೇ ಎಲ್ಲವನ್ನೂ ಮಗಳ ಮುಂದೆ ಇಟ್ಟೆ. ಅವಳು ಕೇಳಿದ್ದು ಬೇರೆಯೇ. ‘ಬೀದರಿನ ಸೀಟು ನನ್ನದಲ್ಲ ಅಂದರೆ, ಇಲ್ಲಿಯ 85ರೊಳಗಿನ ಸೀಟು ನನ್ನದು ಹೇಗಪ್ಪಾ? ನಾವು ಕನ್ನಡದವರಲ್ಲವಾ?’

ಉತ್ತರ ನನಗೆ ಗೊತ್ತಿತ್ತು, ಬಾಯಿಂದ ಬರಲು ಹೊತ್ತು ಹಿಡಿಯಿತು. ಇಲ್ಲಿಯ ಸೀಟು ಅವಳದು, ಯಾಕೆಂದರೆ ಅವಳು ಇಲ್ಲಿಯ ಶಾಲೆಯಲ್ಲಿ, ಇಲ್ಲಿಯ ಮಕ್ಕಳ ಜೊತೆ, ಇಲ್ಲಿಯ ಪಠ್ಯ ಓದಿ ಬೆಳೆದಿದ್ದಾಳೆ. ಅವಳ ತೆಲುಗು ಅವಳ ಕನ್ನಡಕ್ಕಿಂತ ಸಲೀಸು. ಸೂರತ್ಕಲ್ಲಿನ ಎನ್‌ಐಟಿಗೆ ಅವಳು ಹೊರರಾಜ್ಯದವಳು, ವಾರಂಗಲ್ಲಿನ ಎನ್‌ಐಟಿಗೆ ಸ್ವರಾಜ್ಯದವಳು. ಎನ್‌ಐಟಿಗಳು ಅರ್ಧ ಸೀಟನ್ನು ತಮ್ಮ ರಾಜ್ಯದವರಿಗೆ ಇಡುತ್ತವೆ, ರಾಜ್ಯ ಯಾವುದೆಂದು 12ನೇ ತರಗತಿ ಪಾಸಾದ ಜಾಗ ನೋಡಿ ನಿರ್ಧರಿಸುತ್ತವೆ. ಇದನ್ನು ಒಪ್ಪುವುದೆಂದರೆ ಮಗಳು ಬೀದರಿನವಳಲ್ಲ ಎಂದು ನಾನೇ ಹೇಳಿದಂತೆ. ನಿಮ್ಮ ಊರು ಯಾವುದು ಎಂದರೆ ಇಪ್ಪತ್ತು ವರ್ಷಗಳಿಂದ ಒಂದೇ ಉಸಿರಿಗೆ ಬೀದರ್ ಎನ್ನುತ್ತ ಬಂದವನಿಗೆ ಇದು ಸುಲಭದ ಮಾತಲ್ಲ. ಹುಟ್ಟಿದ ಊರಿನ ಹಕ್ಕನ್ನು ಬಳಸುವ ನಮ್ಮ ಆಸೆಯಲ್ಲಿ ಸೀಟಿನ ಆಸೆ ಎಷ್ಟು, ಮಗು ಇನ್ನೂ ನಮ್ಮ ಊರಿನದೇ ಎಂಬ ಸರ್ಕಾರಿ ಮೊಹರಿನ ಆಸೆ ಎಷ್ಟು ಎಂದು ಆ ದಿನದಿಂದ ಯೋಚಿಸುತ್ತಿದ್ದೇನೆ.

ಊರಿನ ಜೊತೆ ಪ್ರೀತಿಯ ಸಂಬಂಧವೂ ಇರುತ್ತದೆ, ಪಾಲಿನ ಸಂಬಂಧವೂ ಇರುತ್ತದೆ. ಮೊದಲನೆಯದನ್ನು ಯಾರೂ ಕಿತ್ತುಕೊಳ್ಳಲಾರರು. ಅಜ್ಜಿಯ ಮನೆ ಅವಳದೇ, ಅಲ್ಲಿಯ ಜೋಳದ ರೊಟ್ಟಿ ಅವಳದೇ. ಅಜ್ಜಿಯ ಓಣಿಯ ಹುಡುಗಿಗೆಂದು ಇಟ್ಟ ಸೀಟು ಅವಳದಲ್ಲ ಎಂಬುದು ನನ್ನ ಅಭಿಪ್ರಾಯ, ಅವಳಿಗೂ ಹಾಗೆಯೇ ಹೇಳಿದ್ದೇನೆ. ಕಾನೂನು ಬೇರೆ ಹೇಳುತ್ತದೆ ಎಂಬುದನ್ನೂ, ತೀರ್ಮಾನ ಅವಳದು ಎಂಬುದನ್ನೂ ಹೇಳಿದ್ದೇನೆ. ಹತ್ತನೇ ತರಗತಿಯ ಫಲಿತಾಂಶ ಬರುವವರೆಗೆ ಅವಳಿಗೆ ಸಮಯವಿದೆ.